ಅನಗೋಳದ ಹಾಸಿಗಿ ಮ್ಯಾಲೆ ಗೆದ್ದ ಮ್ಯಾಚು

ಸುಳ್ಳು ಅಂತೀ? ಅನ್ನು. ನೀ ಅಂದ್ರ ನನ್ನ ಮೀಸಿ ಏನ ಉದರೂದಿಲ್ಲ. ಆದ್ರ ಎದ್ದ ಹೋಗಬ್ಯಾಡ. ಅರ್ಧಾ ಕೇಳಿ ಹೋದವರು ಊರತುಂಬ ಅರ್ಧಾನ ಹೇಳಕೋತ ಅಡ್ಡಾಡತಾರ, ಅದಕ್ಕ ನನ್ನ ಹೆಸರು ಕೆಟ್ಟೈತಿ. ಇನ್ನೊಮ್ಮಿ ಹೇಳತೇನಿ, ಕೇಳು. ಎರಡು ವರ್ಷದ ಹಿಂದ, ಎರಡ ಸಾವಿರದ ಒಂದನೇ ಇಸವಿ ಮಾರ್ಚದಾಗ, ಆಸ್ಟ್ರೇಲಿಯಾದವರನ್ನ ಕಲಕತ್ತಾದಾಗ ನಾವು ಕೆಡವಿದ ಟೆಸ್ಟ್ ಮ್ಯಾಚ್ ಐತಲ್ಲ, ಅವರು ಅದಕ್ಕಿಂತ ಮದಲ ಹದಿನಾರು ಟೆಸ್ಟ್ ಸಾಲ ಹಿಡದ ಗೆದ್ದ ಬಂದಿದ್ರು, ಆ ಮ್ಯಾಚ್ ಗೆದ್ದದ್ದು ಕಲಕತ್ತಾದಾಗ ಅಲ್ಲ. ಇಲ್ಲೆ, ಅನಗೋಳದಾಗ. ದುಂಡಪ್ಪ ಅನ್ನಾಂವನ ಪಡಸಾಲ್ಯಾಗ, ಒಂದು ಹಾಸಿಗಿ ಮ್ಯಾಲೆ.

ನಗತೀ? ರಾಯಪ್ಪನ್ನ ಕೇಳಿ ಬಾ ಹೋಗು. ಮೂಲಿ ಮ್ಯಾಲಿನ ಕಿರಾಣಿ ಅಂಗಡಿ ರಾಯಪ್ಪ. ನಿನ್ನಿ ವರ್ಲ್ಡ್ ಕಪ್ ಫೈನಲ್ ಸೋತೇವಲ್ಲ, ಇವತ್ತ ಹೊತ್ತ ನೆತ್ತಿಗೆ ಬಂದ್ರೂ ಓಣ್ಯಾಗ ಒಂದ ನಾಯಿ ಸತೇಕ ಬೊಗಳವಲ್ದು. ರಾಯಪ್ಪ ಅಂಗಡಿ ಬಾಗಲಾ ಅರ್ಧಾ ತಗದು, ಸಕ್ರಿ ಕೇಳಿದವರಿಗೆ ಉಪ್ಪು ಕಟ್ಟಿ ಕೊಡಾಕತ್ತಾನ. ಮುಂಜಾನೆ ದುಂಡಪ್ಪ ಹಾದ ಹೋಗೂದ ತಡಾ, ಒಳಗಿಂದನ ಬೈದಾ.

"ಎಲ್ಲಾ ನಿನ್ನಿಂದ ಆತು ನೋಡು ದುಂಡಪ್ಪಣ್ಣಾ! ನಿನ್ನಿ ಒಂದ ದಿವಸ ಹಾಸಿಗಿ ಹಾಸಿ ಮಕ್ಕೊಂಡಿದ್ರ ನಿನ್ನ ಗಂಟ ಏನ ಹೋಗತಿತ್ತು? ಕಪ್ಪು ನಮ್ಮ ಕೈಯಾಗ ಇರತಿತ್ತು."

ದುಂಡಪ್ಪ ನಕ್ಕಾ. ನಕ್ಕಂಗ ಮಾಡಿದಾ ಅನ್ನು.

ದುಂಡಪ್ಪ ಯಾರಂದ್ರ, ಆಟೋ ನಗರದಾಗ ಬಾಳೇಶನ ವರ್ಕಶಾಪಿನ್ಯಾಗ ಇಪ್ಪತ್ತೆಂಟು ವರ್ಷ ಲೇಥ್ ಮಶೀನ್ ಮ್ಯಾಲೆ ನಿಂತಾಂವ. ಎಂಥಾ ಕೈ ಅವಂದು! ಸಾಸಿವಿ ಕಾಳಿಗೆ ಬೋಲ್ಟಿನ ಆಟಿ, ಅಂದ್ರ ಸುತ್ತಗೆರಿ, ಕೊರದು, ಇನ್ನೊಂದ ಸಾಸಿವಿ ಕಾಳು ನಟ್ಟ ಮಾಡಿ ಅದಕ್ಕ ತಿರವತಿದ್ದ. ಒಮ್ಮಿ ಬಾಳೇಶ ಆ ಸಾಸಿವಿ ಒಗ್ಗರಣಿಗೆ ಹಾಕಿಸಿದಾ, ಎಣ್ಣ್ಯಾಗ ಸಿಡೀಲೇ ಇಲ್ಲ, ಅಷ್ಟು ಬಿಗಿ! ಆತ ಬಿಡು, ಇದು ಸುಳ್ಳು. ಇನ್ನ ಮುಂದಿಂದು ಖರೇ. ಅವನ ಹೇಂತಿ ಗೌರವ್ವ, ಖಾನಾಪುರದಾಕಿ. ಗೌರವ್ವನ ತಮ್ಮ ಈರಣ್ಣ ಅಲ್ಲೇ ಖಾನಾಪುರದಾಗ ಹಂಚಿನ ಕಾರಖಾನ್ಯಾಗ ಮುಕಾದಮ. ಒಬ್ಬಾಕಿನ ಮಗಳು ಪ್ರಮಿಳಾ, ಧಾರವಾಡಕ್ಕ ಕೊಟ್ಟಾರ. ಇಷ್ಟ ಮಂದಿ. ನೆನಪ ಇಟಗೊ, ಮತ್ತ ನಡಕ ಯಾರಂವ ಅಂತ ಕೇಳಬ್ಯಾಡ.

ಊರಿಗೆಲ್ಲಾ ದುಂಡಪ್ಪ ಅಂದ್ರ ಕ್ರಿಕೆಟ್ ಹುಚ್ಚ. ಮ್ಯಾಚ್ ಸೋತ್ರ ಎರಡ ದಿವಸ ಊಟಾ ಬಿಡತಾನ, ಮಾತ ಬಿಡತಾನ, ಮಾರಿ ಗ್ವಾಡಿ ಕಡೆ ಮಾಡಿ ಮಕ್ಕೋತಾನ. ಮಂದಿ ನಗತಿದ್ರು. "ನಮ್ಮ ದುಂಡಪ್ಪಣ್ಣ ಹಾಸಿಗಿ ಹಿಡದಾನ, ಇಂಡಿಯಾ ಸೋತಿರಬೇಕು" ಅಂತ ಪೇಪರ್ ಓದದ ಹೇಳತಿದ್ರು. ಅಂವಗೂ ಆ ಹೆಸರು ಬೇಕಾಗಿತ್ತು. ಯಾಕ ಬೇಕಾಗಿತ್ತು ಅಂದ್ರ, ಅದು ಇನ್ನೊಂದ ಹೆಸರಿಗಿಂತ ಚಲೋ ಇತ್ತು.

ಯಾವ ಇನ್ನೊಂದು ಅಂತೀಯೇನು? ತಡಿ, ಅದನ್ನ ಹೇಳಾಕ ನನ್ನ ಬಾಯಿ ಒಣಗತೈತಿ.

ಅವನ ಹೊಟ್ಟ್ಯಾಗ ಒಂದು ಒದ್ದಿ ಗೋಣಿಚೀಲ ಇತ್ತು ಅಂತ ತಿಳಕೊ. ಮುಂಜಾನೆ ಎದ್ದಕೂಡ್ಲೆ ಅದು ಅಲ್ಲಿರತಿತ್ತು. ಯಾರೂ ಸತ್ತಿಲ್ಲ, ಏನೂ ಕಳದಿಲ್ಲ, ಹೇಂತಿ ಚಲೋ ಅದಾಳ, ಕೆಲಸಾ ಐತಿ. ಆದ್ರೂ ಹಲ್ಲ ಉಜ್ಜಾಕ ಬ್ರಶ್ ಎತ್ತಬೇಕಂದ್ರ ಟ್ರಕ್ಕಿನ ಆ್ಯಕ್ಸಲ್ ಎತ್ತಿದಷ್ಟು ಭಾರ. ಲೇಥ್ ತಿರಗತಿದ್ರ ಅಂವ ಅದನ್ನ ನೋಡಕೋತ ನಿಂತು, ಇದ್ಯಾಕ ತಿರಗತೈತಿ ಅಂತ ಅನ್ನಕೊತಿದ್ದ. ಒಂದ ತಿಂಗಳು ಹಿಂಗ, ಆಮ್ಯಾಲೆ ಎರಡ ತಿಂಗಳು ಸುಮ್ಮ, ಮತ್ತ ಹಿಂಗ. ಬ್ಯಾಸರಾ ಅಂತ ಅನಬೇಕಂದ್ರ, ಬಸ್ ತಡಾ ಆದವರಿಗೂ ಬ್ಯಾಸರಾನ ಆಗತೈತಿ. ಇದಕ್ಕ ಬ್ಯಾರೆ ಹೆಸರು ಅವನ ಹತ್ರ ಇರಲಿಲ್ಲ. ಹಂಗಾರ ಮಂದಿಗೆ ಏನಂತ ಹೇಳೂದು? ಗಂಡಸು, ಮಗಳ ಲಗ್ನಾ ಮಾಡಿದಾಂವ, ಏನೂ ಆಗದ ಅಳು ಬರತೈತಿ ಅಂತ ಹೇಳಿದ್ರ ಈ ಕಡೆ ಮಂದಿ ಒಂದ ಮಾತ ಅಂತಾರ: "ಧಾರವಾಡಕ್ಕ ಕಳಸೂಣು." ಧಾರವಾಡ ಅಂದ್ರ ಊರಲ್ಲ ಮತ್ತ. ಅಲ್ಲಿ ಮನಸಿನ ಬ್ಯಾನಿ ದವಾಖಾನಿ ಐತಿ. ನಮ್ಮ ಬೆಳಗಾಂವ ಸೀಮ್ಯಾಗ ಸಣ್ಣ ಹುಡುಗರು ಸತೇಕ ಜಗಳಾಡುವಾಗ "ಇವನ್ನ ಧಾರವಾಡಕ್ಕ ಒಯ್ರಿ" ಅಂತ ಬೈತಾವ. ದುಂಡಪ್ಪನೂ ಹತ್ತ ಮಂದಿಗೆ ಅಂದು ನಕ್ಕಾಂವ. ಅದಕ್ಕ ಅಂವಗ ಆ ಮಾತಿನ ಅಂಜಿಕಿ ಹೆಚ್ಚು.

ತೊಂಬತ್ತಾರನೇ ಇಸವ್ಯಾಗ ಸೆಮಿಫೈನಲ್ ಸೋತ ಮರದಿನ ಅಂವಗ ಒಂದ ವಿಚಿತ್ರ ಕಂಡಿತು. ಆಟೋ ನಗರ ಪೂರಾ ಅವನಂಗ ಆಗಿತ್ತು. ಬಾಳೇಶ ಚಹಾ ಆರಿಸಕೋತ ಕುಂತಾನ, ಕುಡಿಯವಲ್ಲ. ವೆಲ್ಡಿಂಗ್ ಮಾಡಾಂವ ವೆಲ್ಡಿಂಗ್ ಮಾಡವಲ್ಲ. ಒಬ್ಬರ ಮಾರಿ ಒಬ್ಬರು ನೋಡವಲ್ರು. ಎಲ್ಲಾರ ಹೊಟ್ಟ್ಯಾಗೂ ಗೋಣಿಚೀಲ! ದುಂಡಪ್ಪಗ ಆವತ್ತ ಎಷ್ಟ ಹಗರ ಆತು ಅಂದ್ರ, ನಡುವಯಸ್ಸಿನ ಗಂಡಸು ಕಣ್ಣೀರ ಹಾಕಿದಾ, ಯಾರೂ ಯಾಕ ಅಂತ ಕೇಳಲಿಲ್ಲ. ಬಾಳೇಶನೂ ಬಾಜೂಕ ಕುಂತು ಅತ್ತಾ.

ಅವತ್ತಿನಿಂದ ಅವಂದು ಒಂದು ಕಳ್ಳತನ ಸುರು ಆತು. ಯಾರಿಗೂ ಹೇಳಿಲ್ಲ, ನಿನಗ ಹೇಳತೇನಿ. ಮುಂಜಾನೆ ಸ್ನಾನಾ ಮಾಡಿ, ಎಡಗೈಯಾಗ ಲಿಂಗ ಹಿಡಕೊಂಡು, ವಿಭೂತಿ ಹಚ್ಚಿ, ಕಣ್ಣ ಮುಚ್ಚಿ ಕುಂದರತಿದ್ದ. ಗೌರವ್ವ ಹೊರಗ ನಿಂತು, ಇಂಡಿಯಾ ಗೆಲ್ಲಲಿ ಅಂತ ಬೇಡಾಕತ್ತಾರ ಅಂತ ತಿಳಕೋತಿದ್ಲು. ಅಂವ ಅಂಗೈ ಮ್ಯಾಲಿನ ಲಿಂಗಕ್ಕ ಹೇಳತಿದ್ದಾ: "ಇವತ್ತ ಸೋಲಲಿ ಶಿವನ." ಸೋತ್ರ ನಾಕ ದಿವಸ ರಜಾ. ನಾಕ ದಿವಸ ಊರೆಲ್ಲಾ ತನ್ನಂಗ. ಗೆದ್ರ ಪಟಾಕಿ, ಗೆದ್ರ ಪೇಡೆ, ಗೆದ್ರ ನಗಬೇಕು. ದೇಶದ ಟೀಮ ಸೋಲಲಿ ಅಂತ ದಿನಾ ಬೇಡಕೊಳ್ಳಾಂವ, ಓಣ್ಯಾಗ ಎಲ್ಲಾರಕಿಂತ ದೊಡ್ಡ ಅಭಿಮಾನಿ ಅಂತ ಹೆಸರ ಹೊತಗೊಂಡು ತಿರಗತಿದ್ದಾ. ಆ ನಾಚಿಕಿ ಗೋಣಿಚೀಲದ ಮ್ಯಾಲೆ ಇನ್ನೊಂದ ಗೋಣಿಚೀಲ ಆಗಿ ಕುಂತಿತು.

ಅಂವನ ಹೊಟ್ಟ್ಯಾಗಿಂದು ನಿನಗ ಹೆಂಗ ಗೊತ್ತು ಅಂತೀಯಲ್ಲ. ಗೊತ್ತೈತಿ. ಕೆದಕಬ್ಯಾಡ.

ಪ್ರಮಿಳಾ ಬಸರಾದ್ಲು. ಚೊಚ್ಚಲ. ಕುಬಸಾ ಮಾಡಿ ತವರಮನಿಗೆ ಕರಕೊಂಡ ಬರೂದು ಪದ್ಧತಿ, ಇದು ಯಾರಿಗೂ ಹೇಳಿಕೊಡೂದು ಬ್ಯಾಡ. ಗೌರವ್ವ ಹಾಸಿಗಿ ಚಾದರ ಒಗದು, ಬಾಣಂತಿಗೆ ಕೊಡೂ ಅಳ್ಳಿಟ್ಟಿನ ಡಬ್ಬಿ ತುಂಬಿಸಿ ಇಟ್ಟಿದ್ಲು. ದುಂಡಪ್ಪ ಒಮ್ಮಿ, ಜಿಂಬಾಬ್ವೆದವರು ಬಂದಾರ, ಮ್ಯಾಚ್ ಮುಗೀಲಿ ಅಂದಾ. ಆಮ್ಯಾಲೆ, ಆಸ್ಟ್ರೇಲಿಯಾದವರು ಬರಾವ್ರದಾರ, ನೋಡೂಣು ಅಂದಾ. ನಡಕ ಯಾರೂ ಬರದ ಎರಡ ತಿಂಗಳು ಇತ್ತಲ್ಲ, ಅವಾಗ ಟಿವಿ ಕೆಟ್ಟೈತಿ, ರಿಪೇರಿ ಆಗಲಿ ಅಂದಾ. ಟಿವಿ ರಿಪೇರಿಗೂ ಬಸರಿಗೂ ಏನ ಸಂಬಂಧ? ಖರೇ ಏನಂದ್ರ, ಮಗಳ ಬಂದ್ರ ದಿನಾ ಮಂದಿ ಬರತಾರ, ದಿನಾ ನಗಬೇಕು, ಅಜ್ಜ ಆಗಾಂವ ಅಂತ ಹಿಗ್ಗಿ ತೋರಿಸಬೇಕು. ಅದು ಅಂವನ ಕೈಲೆ ಆಗತಿರಲಿಲ್ಲ. ಕಡೀಕ ಬೀಗರು ಸಿಟ್ಟಾಗಿ, ನಮ್ಮಲ್ಲೆ ಹಡೀಲಿ ಬಿಡ್ರಿ ಅಂದ್ರು. ಒಬ್ಬಾಕಿನ ಮಗಳ ಚೊಚ್ಚಲ ಬಾಣಂತನ ಅತ್ತಿ ಮನ್ಯಾಗ ಆತು, ಅಪ್ಪ ಜೀವಂತ ಇದ್ದು.

ಮಾರ್ಚ್ ಒಂದನೇ ತಾರೀಖು. ಮುಂಬೈದಾಗ ಮೂರ ದಿವಸದಾಗ ಸೋತೇವಿ. ದುಂಡಪ್ಪ ಪಡಸಾಲ್ಯಾಗ ಹಾಸಿಗಿ ಹಾಸಿ ಮಕ್ಕೊಂಡಾ. ಬಾಳೇಶ ಬಂದಾ.

"ಏನ ದುಂಡಪ್ಪಣ್ಣಾ, ಸೋತಾವ್ರು ಹನ್ನೊಂದ ಮಂದಿ ಹೋಟೆಲ್‌ದಾಗ ಉಂಡ ಮಕ್ಕೊಂಡಾರ, ನೀ ಯಾಕ ಉಪಾಸ?"

"ಇರಲಿ ಬಿಡ್ರಿ ಸಾವಕಾರ್ರ. ಮುಂದಿನ ಮ್ಯಾಚ್ ಆಗಲಿ, ಬರತೇನಿ."

ಬಾಳೇಶ ನಕ್ಕೋತ ಹೋದಾ. ದುಂಡಪ್ಪ ಟ್ರಾನ್ಸಿಸ್ಟರ್ ತಗೊಂಡು ಕಿವಿಗೆ ಹಚ್ಚಿದಾ. ಅದನ್ನ ಹಚ್ಚಿದ್ರ ಯಾರೂ ಮಾತಾಡಸೂದಿಲ್ಲ, ಕಾಮೆಂಟರಿ ಕೇಳಾಂವನ ಬಾಜೂಕ ಮಂದಿ ಮೆಲ್ಲಕ ಕಾಲ ಎತ್ತಿ ಇಡತಾರ. ಚಾಲೂ ಮಾಡತಿರಲಿಲ್ಲ. ಬರೇ ಹಚ್ಚಿ ಇಟಗೋತಿದ್ದಾ. ಗೌರವ್ವ ಕಸಾ ಹೊಡಕೋತ ಬಂದ್ರ, ಅಕಿಗೆ ಕೇಳೂವಂಗ "ಛೇ, ಹೋತು ನೋಡು" ಅಂತಿದ್ದಾ. ಆಕಿ ಹೋದಮ್ಯಾಲೆ ಮತ್ತ ಗ್ವಾಡಿ.

ಒಂದ ಮುಂಜಾನೆ ಗೌರವ್ವ ಓಡಕೋತ ಬಂದ್ಲು. ರಾಯಪ್ಪನ ಅಂಗಡಿಗೆ ಧಾರವಾಡದಿಂದ ಫೋನ್ ಬಂದಿತ್ತು. ಉಸರ ಹತ್ತಿತ್ತು ಅಕಿಗೆ.

"ಏನ್ರೀ, ಪ್ರಮಿಳಾ ಹಡದ್ಲು! ಹೆಣ್ಣು! ತಾಯಿ ಕೂಸು ಆರಾಮ ಅದಾವಂತ."

ಅಂವ ಏನ ಮಾಡಿದಾ ಅಂತೀ? ಕೈ ಎತ್ತಿ, ಬೆರಳ ತೋರಿಸಿ, "ತಡಿ ತಡಿ, ಓವರ್ ಮುಗೀಲಿ" ಅಂದಾ.

ಮಾತು ಕಿವಿಗೆ ಬಿತ್ತು, ಒಳಗ ಇಳೀಲಿಲ್ಲ. ಬಾಂವಿಗೆ ಕಲ್ಲ ಒಗದ್ರ ಸಪ್ಪಳಾನ ಬರದಿದ್ರ ಹೆಂಗ, ಹಂಗ. ಗೌರವ್ವ ಸೀರಿ ಬದಲಿ ಮಾಡಿ, ಬಾಜೂ ಮನಿ ಪದ್ಮವ್ವಗ ಊಟದ್ದು ಹೇಳಿ, ಒಬ್ಬಾಕಿನ ಧಾರವಾಡದ ಬಸ್ ಹತ್ತಿದ್ಲು. ಮರದಿನ ತಿರಗಿ ಬಂದ್ಲು. ಅಕಿ ಹೋಗಿದ್ದೂ ಅಂವಗ ಗೊತ್ತಿಲ್ಲ, ಬಂದಿದ್ದೂ ಗೊತ್ತಿಲ್ಲ. ಎರಡ ಹೊತ್ತ ಪದ್ಮವ್ವ ತಂದಿಟ್ಟ ತಾಟು ಹಂಗ ಇತ್ತು.

ಬೇಕಾದ್ರ ಈಗ ಎದ್ದ ಹೋಗು. ಹೋಗೂದಿಲ್ಲ? ಹಂಗಾರ ಮಜಾ ಕೇಳು, ನಡಕೊಂದ ಮಜಾ ಐತಿ.

ಕಲಕತ್ತಾ ಮ್ಯಾಚ್ ಸುರು ಆತು. ಮೂರನೇ ದಿವಸಕ್ಕ ನಮ್ಮವರು ಫಾಲೋಆನ್. ಸೋತಂಗನ ಅಂತ ಎಲ್ಲಾರೂ ಕೈ ತೊಳಕೊಂಡ್ರು, ದುಂಡಪ್ಪ ಒಬ್ಬಾಂವ ಚಾದರ ಒಳಗ ಸ್ವಲ್ಪ ಉಸರ ಬಿಟ್ಟಾ. ಇನ್ನೊಂದ ಎಂಟ ದಿವಸ ಮಕ್ಕೊಳ್ಳಾಕ ನಡೀತೈತಿ. ನಾಕನೇ ದಿವಸ ಇಬ್ಬರು ಆಡಾಕ ನಿಂತ್ರು ನೋಡು, ಔಟ್ ಆಗವಲ್ರು! ಮುಂಜಾನೆ ಆತು, ಊಟಾ ಆತು, ವಿಕೆಟ್ ಇಲ್ಲ. ಅಂಗಡ್ಯಾಗ ಟಿವಿ ಮುಂದ ಕುಂತ ರಾಯಪ್ಪ ಒಮ್ಮಿಗಿಲೆ ಜಿಗದ ಎದ್ದಾ.

"ಏ, ದುಂಡಪ್ಪಣ್ಣ ಎದ್ದಾನೇನು ನೋಡ್ರಿ!"

"ಇಲ್ಲ, ಮಕ್ಕೊಂಡಾನ."

"ಯಾವ ಕಡೆ ಮಾರಿ?"

"ಗ್ವಾಡಿ ಕಡೆ."

"ಹಂಗ ಇರಲಿ! ಯಾರೂ ಏಳಸಬ್ಯಾಡ್ರಿ! ಆ ಆಸಾಮಿ ಹಂಗ ಮಕ್ಕೊಂಡದ್ದಕ್ಕ ವಿಕೆಟ್ ಬೀಳವಲ್ದು."

ನಮ್ಮ ಕಡೆ ಇದೊಂದ ಕಾಯ್ದೆ ಐತಿ, ನಿನಗೂ ಗೊತ್ತು. ಜೋಡಿ ಚಲೋ ಆಡುವಾಗ ಕುಂತಾಂವ ಕುಂತಂಗ, ನಿಂತಾಂವ ನಿಂತಂಗ ಇರಬೇಕು. ಖಾನಾಪುರದಾಗ ಈರಣ್ಣ ಕೈಯಾಗ ಒಂದ ಹಸಿ ಹಂಚು ಹಿಡಕೊಂಡು ನಿಂತಾಂವ ಹಂಗ ನಿಂತಾ, ಸಂಜೀತನಕ. ಹಂಚು ಕೈಯಾಗ ಒಣಗಿ, ಅವನ ಹುರುಪಿನ ಕಾವಿಗೆ ಸುಟ್ಟು ಕೆಂಪಾತು, ಭಟ್ಟಿಗೆ ಇಡೂ ಕೆಲಸಾನ ಇರಲಿಲ್ಲ. ಗೋವಾಕ್ಕ ಹೋಗೂ ಗಾಡಿ ಖಾನಾಪುರ ಸ್ಟೇಶನ್ನಿನ್ಯಾಗ ನಿಂತು, ಇಂಜಿನ್ನ ಸೀಟಿ ಹೊಡಿಯಾಕ ಅಂಜಿತ್ತು. ಮುಖ ಕಿವಚಬ್ಯಾಡ, ಹಂಚಿಂದು ಅರ್ಧಾ ಖರೇ.

ಮಧ್ಯಾಹ್ನಕ್ಕ ದುಂಡಪ್ಪನ ಕಿಡಕಿಗೆ ಹತ್ತ ತಲಿ ಜೋತಬಿದ್ದಿದ್ವು. ಅಂವ ಮೆಲ್ಲಕ ಮಗ್ಗಲಾ ಬದಲಿ ಮಾಡಾಕ ಹೋದಾ.

"ಏಏಏ! ಹೊಳ್ಳಬ್ಯಾಡೋ!"

"ರಾಯಪ್ಪಾ, ಒಂದಕ್ಕ ಹೋಗಬೇಕಪ್ಪಾ."

"ಡ್ರಿಂಕ್ಸ್ ಬರಲಿ ತಡಿ."

"ನಂದ ಬಂದೈತಿ!"

"ಹತ್ತ ನಿಮಿಷ ದೇಶಕ್ಕಾಗಿ ಹಿಡಕೊಳ್ಳಾಕ ಆಗೂದಿಲ್ಲೇನು ನಿನಗ?"

ಪದ್ಮವ್ವ ಬೈದ್ಲು, "ಆ ಮನಶ್ಯಾ ಹದಿನಾಕ ದಿವಸ ಆತು ಮಕ್ಕೊಂಡು, ಅದನ್ನ ಯಾರೂ ಕೇಳವಲ್ರಿ, ಈಗ ಒಂದಕ್ಕ ಬಿಡವಲ್ರಿ." ಅಕಿ ಮಾತ ಯಾರೂ ಮನಸಿಗೆ ಹಚ್ಚಿಕೊಳ್ಳಲಿಲ್ಲ. ದುಂಡಪ್ಪ ಹಚ್ಚಿಕೊಂಡಾ. ಹದಿನಾಕ ದಿವಸ ಅಂತ ಅಂವಗ ಅವಾಗನ ಗೊತ್ತಾತು.

ಆ ದಿವಸ ಪೂರ್ತಿ ವಿಕೆಟ್ ಬೀಳಲಿಲ್ಲ. ಮರದಿನ ಆಸ್ಟ್ರೇಲಿಯಾದವರು ಪಟಪಟ ಬಿದ್ರು, ಇಂಡಿಯಾ ಗೆದ್ದಿತು. ಓಣಿ ಅನ್ನೂದು ಹಿಟ್ಟಿನ ಗಿರಣಿ ಹಂಗ ಗದಗದ ನಡಗಿತು. ಬಾಗಲಾ ತಗದು ಒಳಗ ನುಗ್ಗಿದವರು, ಲುಂಗಿ ಮ್ಯಾಲಿದ್ದ ದುಂಡಪ್ಪನ್ನ ಹಾಸಿಗಿ ಸಮೇತ ಎತ್ತಿದ್ರು. ಖಾನಾಪುರದಿಂದ ಈರಣ್ಣ ಸಂಜಿ ಬಸ್ಸಿಗೆ ಕುಂದಾ ತಗೊಂಡು ಬಂದಾ, ಎರಡ ಬೆರಳಲೆ ತಗದು ಅವನ ಬಾಯಾಗ ತುರಕಿದಾ. "ನಮ್ಮ ಮಾಮಾ! ಮಕ್ಕೊಂಡ ಗೆದ್ದಾಂವ!" ಯಾರೋ ಗುಡಿಯಿಂದ ಮಾಲಿ ತಂದು ಹಾಕಿದ್ರು. ಗಡ್ಡಾ ಬೆಳದ ಮಾರಿ, ಜಳಕಾ ಇಲ್ಲದ ಮೈ, ಕೊಳ್ಳಾಗ ಮಾಲಿ.

ಎಲ್ಲಾರ ಹೆಗಲ ಮ್ಯಾಲೆ ಕುಂತಾಗ ಅಂವಗ ತನ್ನ ಮನಿ ಹಂಚು ಕಂಡುವು. ಬಾಯಾಗ ಕುಂದಾ ಇತ್ತು, ಸಿಹಿ ಹತ್ತಲಿಲ್ಲ. ಅಂಗೈಯಾಗ ಲಿಂಗ ಹಿಡಕೊಂಡು ಸೋಲಲಿ ಅಂತ ಬೇಡಿದ್ದು ನೆನಪಾತು. ಕೆಳಗ ಮಂದಿ ಕುಣಿಯಾಕತ್ತಿದ್ರು, ಅಂವ ಒಂದ ವಿಚಾರ ಮಾಡಾಕತ್ತಿದ್ದಾ: ನಾಳಿ ಏನಂತ ಹೇಳಿ ಮಕ್ಕೊಳ್ಳಲಿ?

ನಾಳಿ ಬಂತು. ಅಂವ ಏಳಲಿಲ್ಲ. ಈಗ ಹೇಳಾಕ ನೆಪ ಉಳದಿರಲಿಲ್ಲ. ಗೆದ್ದ ಮರದಿನ ಮಕ್ಕೊಂಡಾಂವಗ ಕ್ರಿಕೆಟ್ ಹುಚ್ಚ ಅಂತ ಯಾರೂ ಅನ್ನೂದಿಲ್ಲ, ಮದಲಿನ ಶಬ್ದ ತಗದು ಬರೇ ಹಿಂದಿಂದು ಅಂತಾರ. ಅಂವ ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡಾ. ಗೌರವ್ವ ಬಂದು ಬಾಜೂಕ ಕುಂತ್ಲು.

"ನೋಡ್ರಿ, ನಾಳಿ ಧಾರವಾಡಕ್ಕ ಹೋಗೂದೈತಿ. ಫೋನ್ ಮಾಡಿ ಎಲ್ಲಾ ಹೇಳೇನಿ. ಈರಣ್ಣ ಟ್ರ್ಯಾಕ್ಸ್ ತರತಾನ. ನೀವು ಹಟಾ ಮಾಡಬ್ಯಾಡ್ರಿ, ಸುಮ್ಮ ಬಂದ ಗಾಡ್ಯಾಗ ಕುಂದರ್ರಿ."

ದುಂಡಪ್ಪನ ಕಿವಿಗೆ ಮೂರ ಮಾತ ಬಿದ್ದುವು. ಧಾರವಾಡ. ಫೋನ್ ಮಾಡ್ಯಾರ. ಗಾಡಿ ತರತಾರ. ಹಿಡದು ಒಯ್ಯಾಕ ಹೇಂತಿ ತಮ್ಮಗ ಹೇಳ್ಯಾರ.

ಅಂವ ಎದ್ದ ಕುಂತಾ. ಅಕಿ ಕಾಲ ಹಿಡಕೊಂಡಾ. ಹೌದು, ಹೇಂತಿ ಕಾಲು.

"ಗೌರಾ, ನನ್ನ ಧಾರವಾಡಕ್ಕ ಹಾಕಬ್ಯಾಡ. ನಾ ಹುಚ್ಚ ಅಲ್ಲ. ನನಗ ಏಳಾಕ ಆಗವಲ್ದು, ಅಷ್ಟ. ಸೋತ್ರೂ ಹಿಂಗ, ಗೆದ್ರೂ ಹಿಂಗ. ಐದ ವರ್ಷ ಆತು. ನಾ ನಿಮಗೆಲ್ಲಾ ಸುಳ್ಳ ಹೇಳೇನಿ. ಮ್ಯಾಚಿನ ಸಂಬಂಧ ಅಲ್ಲ ಇದು. ಯಾತರ ಸಂಬಂಧ ಅಂತ ನನಗೂ ಗೊತ್ತಿಲ್ಲ."

ಗೌರವ್ವ ಬೆರಗಾಗಿ ನೋಡಿದ್ಲು.

"ಹುಚ್ಚ ಅಂತ ಯಾರ ಅಂದ್ರು ನಿಮಗ? ನಾಳಿ ಕೂಸಿನ ಹೆಸರಿಡೂದೈತಿ."

"ಯಾವ ಕೂಸು?"

ಇಷ್ಟ ಅಂದಾ ಅಂವ. ಯಾವ ಕೂಸು. ಸಾವಿರ ಸುಳ್ಳ ಹೇಳೇನಿ ನಾನು, ಹುಲಿ ಬಾಯಾಗ ಕೈ ಹಾಕಿ ಹಲ್ಲ ಎಣಿಸಿದ್ದೂ ಹೇಳೇನಿ, ಯಾವದನ್ನ ಹೇಳುವಾಗೂ ನಾಲಗಿ ತಡವರಿಸಿಲ್ಲ. ಈ ಎರಡ ಶಬ್ದದ ಮಾತ ಹೇಳುವಾಗ ತಡವರಸ್ತೈತಿ.

ಗೌರವ್ವ ಎದ್ದ ಹೋಗಿ, ದೇವರ ಜಗಲಿ ಬಾಜೂಕ ಗೂಟಕ್ಕ ಹಾಕಿದ್ದ ಬ್ಯಾಟರಿ ತಂದ್ಲು, ಕರೆಂಟ್ ಹೋದ್ರ ಹಿಡಕೊಳ್ಳೂ ಕೈ ಬ್ಯಾಟರಿ. ಹಿಂದಿನ ಮುಚ್ಚಳಾ ತಿರವಿ, ಎರಡ ಸೆಲ್ ತಗದು ಅವನ ಹಾಸಿಗಿ ಮ್ಯಾಲೆ ಇಟ್ಲು.

"ಇವು ನಿಮ್ಮ ರೇಡಿಯೋದಾಗಿನ ಸೆಲ್ಲು. ನೀವು ಮಕ್ಕೊಂಡ ಮೂರನೇ ದಿವಸ ಕರೆಂಟ್ ಹೋಗಿತ್ತು, ತಗದಿದ್ದೆ. ಮರದಿನ ಹಾಕಬೇಕಂತ ಬಂದೆ, ನೀವು ಸೆಲ್ ಇಲ್ಲದ ರೇಡಿಯೋ ಕಿವಿಗೆ ಹಚ್ಚಿ, 'ಛೇ, ನಾಕ ವಿಕೆಟ್ ಹೋದುವು' ಅಂದ್ರಿ. ನಾ ಸುಮ್ಮನಾದೆ. ಪ್ರಮಿಳಾ ಹಡದ ದಿವಸ ಓವರ್ ಮುಗೀಲಿ ಅಂದ್ರಿ. ರಾಯಪ್ಪನ್ನ ಕೇಳಿದೆ. ಆವತ್ತ ಮ್ಯಾಚ ಇರಲಿಲ್ಲಂತ."

ದುಂಡಪ್ಪ ಆ ಎರಡ ಸೆಲ್ ನೋಡಕೋತ ಕುಂತಾ. ಹದಿನಾರ ದಿವಸ ಮಂದಿ ಮುಂದ ಬತ್ತಲೆ ಕುಂತು, ಈಗ ಕಣ್ಣ ತಗದಂಗ ಆತು.

"ಗೊತ್ತಿದ್ದು ಯಾಕ ಸುಮ್ಮ ಇದ್ದಿ?"

"ಮತ್ತ ಏನ ಮಾಡಲಿ? ಸ್ಕೋರ್ ಹೇಳುವಾಗರ ನಿಮ್ಮ ದನಿ ಕೇಳತಿತ್ತು. ಅದೂ ಬಂದ್ ಆದ್ರ ಅಂತ ಅಂಜಿದೆ."

ಆ ಮಾತಿಗೆ ಅಂವ ಅತ್ತಾ. ಮ್ಯಾಚ್ ಇಲ್ಲದ, ಸೋಲು ಇಲ್ಲದ, ಯಾವ ನೆಪಾನೂ ಇಲ್ಲದ ಅಳು.

ಮರದಿನ ಗಡ್ಡಾ ಹೆರಿಸಿ, ಜಳಕಾ ಮಾಡಿಸಿ, ಅಂವನ್ನ ಟ್ರ್ಯಾಕ್ಸಿನ್ಯಾಗ ಕುಂದರಿಸಿದ್ರು. ಈರಣ್ಣಗ ಏನೂ ಗೊತ್ತಿಲ್ಲ, ಕಿತ್ತೂರ ತನಕ ಕಲಕತ್ತಾ ಮ್ಯಾಚ್ ಹೇಳಕೋತ ಗಾಡಿ ಹೊಡದಾ. ಧಾರವಾಡದಾಗ ಬೀಗರು ಬಾಗಲದಾಗನ ಕೈ ಮುಗದ್ರು: "ಬರ್ರಿ ಬರ್ರಿ, ಟೀಮ್ ಗೆಲ್ಲಿಸಿದವರು ಬಂದ್ರಿ! ಕೂಸಿನ್ನ ನೋಡಾಕ ಟೈಮ್ ಇರಲಿಲ್ಲ ಬಿಡ್ರಿ, ದೇಶದ ಕೆಲಸಾ." ನಕ್ಕೋತನ ಅಂದ್ರು. ಅಂವನೂ ನಕ್ಕೋತನ ತಗೊಂಡಾ.

ಕೂಸಿಗೆ ಸಮೃದ್ಧಿ ಅಂತ ಹೆಸರಿಟ್ರು. ಪ್ರಮಿಳಾ ಅಪ್ಪನ ತೊಡಿ ಮ್ಯಾಲೆ ಇಟ್ಲು. ದುಂಡಪ್ಪ ಕಾದಾ, ಈಗ ಏನರ ಆಗತೈತಿ, ಎದ್ಯಾಗ ಏನರ ಉಕ್ಕತೈತಿ ಅಂತ. ಏನೂ ಆಗಲಿಲ್ಲ. ಕೂಸು ಬೆಚ್ಚಗಿತ್ತು, ತೊಡಿಗೆ ಬೆಚ್ಚಗ ಹತ್ತಿತು, ಒಳಗ ಹೋಗಲಿಲ್ಲ. ಅಂವ ತಲಿ ಬಗ್ಗಿಸಿದಾ. ಪ್ರಮಿಳಾ ಅಪ್ಪನ ಮಾರಿ ನೋಡಿದ್ಲು, ಅವ್ವನ ಮಾರಿ ನೋಡಿದ್ಲು.

"ಅಪ್ಪಾ, ಮೈಯಾಗ ಆರಾಮ ಇಲ್ಲೇನು?"

"ಇಲ್ಲವಾ" ಅಂದಾ ದುಂಡಪ್ಪ. "ಆರಾಮ ಇಲ್ಲ. ಅದಕ್ಕ ನಿನ್ನ ಕರಕೊಂಡ ಬರಲಿಲ್ಲ. ಟಿವಿ ಕೆಟ್ಟಿರಲಿಲ್ಲ."

ಐದ ವರ್ಷದಾಗ ಅಂವ ಮಂದ್ಯಾಗ ಹೇಳಿದ ಮದಲನೇ ಖರೇ ಮಾತು ಅದು. ಮಂದಿ ಅಂದ್ರ ಒಬ್ಬಾಕಿ ಬಾಣಂತಿ, ಒಂದು ಕೂಸು.

ಮರದಿನ ಗೌರವ್ವ ಅಂವನ್ನ ಖರೇನ ಆ ಧಾರವಾಡಕ್ಕ ಕರಕೊಂಡ ಹೋದ್ಲು. ದವಾಖಾನಿ ಹೆಸರು ಬ್ಯಾಡ. ಡಾಕ್ಟರ್ ತೆಳ್ಳನ ಮನಶ್ಯಾ, ಕನ್ನಡಕ ಮೂಗಿನ ತುದಿಗೆ.

"ಎಷ್ಟ ದಿವಸದಿಂದ ಹಿಂಗ ಆಗೇತ್ರಿ?"

"ಸೆಮಿಫೈನಲ್ಲಿಗಿಂತ ಮದಲಿಂದರೀ ಸಾಹೇಬ್ರ."

ಡಾಕ್ಟರ್ ಬರಿಯೂದ ನಿಲ್ಲಿಸಿದಾ. "ಗೆದ್ದಾಗ ಹೆಂಗ ಅನಸ್ತೈತಿ?"

"ಗೆದ್ದಾಗ ಇನ್ನೂ ಕೆಟ್ಟರಿ."

ಡಾಕ್ಟರ್ ನಗಲಿಲ್ಲ. ನಗತಾನ ಅಂತ ದುಂಡಪ್ಪ ತಯಾರಾಗಿ ಕುಂತಿದ್ದಾ. ಅಂವ ಬರೇ, "ಹೌದು, ಹಂಗ ಆಗತೈತಿ. ಇದು ಬ್ಯಾನಿ, ನಿಮ್ಮ ಗುಣಾ ಅಲ್ಲ" ಅಂತ ಅಂದು ಗುಳಗಿ ಬರದಾ. ತಿಂಗಳಾನುಗಟ್ಟಲೆ ತಗೋಬೇಕು, ನಡಕ ಬಿಡಬಾರದು, ಹದಿನೈದ ದಿವಸಕ್ಕ ಬಂದ ತೋರಿಸ್ರಿ ಅಂದಾ.

ಹದಿನೈದ ದಿವಸಕ್ಕೊಮ್ಮಿ ಹೋದಾ. ಓಣ್ಯಾಗ ಏನ ಹೇಳಿದಾ? "ಮೊಮ್ಮಗಳನ್ನ ನೋಡಾಕ ಧಾರವಾಡಕ್ಕ ಹೊಂಟೇನ್ರಿ." ರಾಯಪ್ಪ ಹತ್ತ ಮಂದಿ ಮುಂದ ಅಂತಿದ್ದಾ, "ಅಜ್ಜ ಅಂದ್ರ ಹಿಂಗಿರಬೇಕು ನೋಡ್ರಿ, ಬಿಟ್ಟ ಇರೂದಿಲ್ಲ." ಹುಟ್ಟಿದ ದಿವಸ ಓವರ್ ಮುಗೀಲಿ ಅಂದಾಂವಗ, ಯಾವ ಕೂಸು ಅಂದಾಂವಗ ಈ ಹೆಸರು! ಒಂದ ನೆಪ ಹೋತು, ಕೂಸಿನ್ನ ಇನ್ನೊಂದ ನೆಪ ಮಾಡಿದಾ. ಮದಲ ಐದಾರ ಸಲ ದವಾಖಾನಿಗೆ ಹೋಗಿ, ಕೂಸಿನ್ನ ನೋಡದನ ತಿರಗಿ ಬಂದದ್ದೂ ಐತಿ, ಬೀಗರ ಮಾರಿ ನೋಡಾಕ ನಾಚಿಕಿ. ಏಳನೇ ಸಲಕ್ಕೋ ಎಂಟನೇ ಸಲಕ್ಕೋ ಹೋದಾಗ ಕೂಸು ಅವನ ಮೀಸಿ ಹಿಡದು ಜಗ್ಗಿತು. ನೋವಾತು. ಅಯ್ಯೋ ಅಂದಾ. ಅಂದು, ಏನೋ ಒಂದು ಒಳಗ ಮುಟ್ಟಿತಲ್ಲ ಅಂದಕೊಂಡು, ಇನ್ನೊಮ್ಮಿ ಜಗ್ಗಲಿ ಅಂತ ಮಾರಿ ಮುಂದ ಮಾಡಿದಾ.

ಗುಣಾ ಆಗೇತೇನು ಅಂತೀಯೇನು? ಒಂದೊಂದ ಮುಂಜಾನೆ ಗೋಣಿಚೀಲ ಇರತೈತಿ. ಒದ್ದಿ ಇರೂದಿಲ್ಲ ಅಷ್ಟ. ಮ್ಯಾಚೂ ನೋಡತಾನ, ಈಗ ಬರೇ ಆಟ ನೋಡತಾನ. ನಿನ್ನಿ ಸೋತ್ರಲ್ಲ, ಅಂವಗ ಖರೇನ ಕೆಟ್ಟ ಅನಿಸಿತು. ಊರ ಮಂದಿಗೆ ಅನಿಸಿದಷ್ಟ. ಅದಕ್ಕಿಂತ ಒಂದ ಗುಂಜಿ ಹೆಚ್ಚಿಲ್ಲ, ಕಡಿಮಿ ಇಲ್ಲ. ಆದ್ರ ರಾಯಪ್ಪಗ ಇನ್ನೂ ಹೇಳಿಲ್ಲ. ಹಾಸಿಗಿ ಮ್ಯಾಲೆ ಮ್ಯಾಚ್ ಗೆದ್ದದ್ದನ್ನ ನೂರ ಸಲ ಹೇಳ್ಯಾನ, ಹಂಚು, ರೈಲು ಎಲ್ಲಾ ಸೇರಿಸಿ. ಸೆಲ್ಲಿಂದು ಒಮ್ಮೀನೂ ಹೇಳಿಲ್ಲ. ಇವತ್ತ ಮುಂಜಾನೆ ಅಂಗಡಿ ಮುಂದ, ಹೇಳಿಬಿಡೂಣು ಅಂತ ಬಾಯಿ ತಗದಿದ್ದಾ. "ರಾಯಪ್ಪಾ, ಅವಾಗ ನಾ ಮಕ್ಕೊಂಡಿದ್ದು..." ಅಂದಾ. ಅಷ್ಟರಾಗ ಯಾರೋ ಸಕ್ರಿ ಕೇಳಿದ್ರು, ರಾಯಪ್ಪ ಉಪ್ಪ ಕಟ್ಟಾಕ ಹೋದಾ. ಅದಕ್ಕ ಇಲ್ಲಿ ಕಟ್ಟಿ ಮ್ಯಾಲೆ ಕುಂತು, ಮದಲ ನಿನಗ ಹೇಳಿ ನೋಡಿದ್ರ ಹೆಂಗ ಅಂತ...

"ಏನ್ರೀ! ಒಬ್ಬರ ಕುಂತು ಯಾರ ಜೋಡಿ ಮಾತಾಡಾಕತ್ತೀರಿ? ರೊಟ್ಟಿ ಆರಾಕತ್ತಾವ. ನಿನ್ನಿ ಸೋತೇವಿ ಅಂತ ಇವತ್ತೂ ಉಪಾಸೇನು ಮತ್ತ?"

"ಇಲ್ಲ ಗೌರಾ. ಹಾಕು, ಬಂದೆ."

"ಊಟಾದ ಮ್ಯಾಲೆ ಗುಳಗಿ ಐತಿ, ಮರೀಬ್ಯಾಡ್ರಿ."

"ಮೆಲ್ಲಕ ಅನ್ನು, ರಾಯಪ್ಪಗ ಕೇಳತೈತಿ."